ಪಾಠದ ಕೊನೆಯ ಪ್ರಶ್ನೆಗಳು

ಶಾಲೆಯ ಪುಸ್ತಕದಲ್ಲಿ ಪ್ರತಿ ಪಾಠ ಮುಗಿದ ಮೇಲೆ ಪ್ರಶ್ನೆಗಳು ಅಂತ ಒಂದು ಭಾಗ ಇರುತ್ತೆ. ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಒಂದು ವಾಕ್ಯದಲ್ಲಿ ಉತ್ತರಿಸಿ. ಪ್ರಶ್ನೆ ಪುಸ್ತಕದ್ದು, ಉತ್ತರವೂ ಪುಸ್ತಕದ್ದೇ. ಹಿಂದಿನ ಪುಟದಲ್ಲಿರುವ ಸಾಲನ್ನು ಎತ್ತಿಕೊಂಡು ಬಂದು ಮುಂದಿನ ಪುಟದಲ್ಲಿ ಇಳಿಸುವುದಷ್ಟೇ ಮಗುವಿನ ಕೆಲಸ. ಒಂದು ರೀತಿಯಲ್ಲಿ ಇದು ಕೂಲಿ ಕೆಲಸ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂದ ಮೇಲೆ ಇಲಾಖೆಯ ತರಬೇತಿಗಳಲ್ಲಿ ‘ವಿಮರ್ಶಾತ್ಮಕ ಚಿಂತನೆ’ ಅನ್ನುವ ಮಾತು ಧಾರಾಳವಾಗಿ ಕೇಳಿಬರುತ್ತಿದೆ. ಹೈಸ್ಕೂಲಿನ ಮಕ್ಕಳು ಪಠ್ಯವನ್ನು ಪ್ರಶ್ನಿಸಿ ಓದಬೇಕು, ನೀವು ಅವರನ್ನು ಹಾಗೆ ಬೆಳೆಸಬೇಕು ಅಂತ ನಮ್ಮಂಥ ಸಮಾಜ ವಿಜ್ಞಾನದ ಮೇಷ್ಟ್ರುಗಳಿಗೆ ಹೇಳುತ್ತಾರೆ. ಒಳ್ಳೆಯ ಮಾತು. ಆದರೆ ಪಠ್ಯವನ್ನು ಪ್ರಶ್ನಿಸುವುದು ಹೊಸದಾಗಿ ಆಮದಾದ ಬೋಧನಾ ವಿಧಾನವೇನೋ ಎಂಬಂತೆ ಹೇಳುವಾಗ ನನಗೆ ಕಸಿವಿಸಿಯಾಗುತ್ತೆ. ಈ ದೇಶದಲ್ಲಿ ಶಾಲೆಯ ಬಾಗಿಲಿಗೆ ಬಂದ ಮೊದಲ ತಲೆಮಾರಿನ ದಲಿತ ಮಗುವೇ ಆ ಕೆಲಸ ಮಾಡಿ ತೋರಿಸಿದೆ. ಅದಕ್ಕೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಶಾಲಾ ಪುಸ್ತಕದ ಮಾತು ಯಾಕೆ ಅಂತ ಕೆಲವರಿಗೆ ಅನಿಸಬಹುದು. ದಲಿತ ವಿಮರ್ಶೆ ಅಂದರೆ ನಾವು ಪಂಪನಿಂದ ಹಿಡಿದು ವಚನ, ನವ್ಯ, ಬಂಡಾಯ ಅಂತ ಸುತ್ತಿ ಬರುತ್ತೇವೆ. ಅದೂ ಆಗಬೇಕಾದ ಕೆಲಸವೇ. ಆದರೆ ನಮ್ಮ ಕೇರಿಯ ಬಹುಪಾಲು ಮನೆಗಳಿಗೆ ಬಂದ ಮೊದಲ ಪುಸ್ತಕ ಯಾವುದು? ಕಾದಂಬರಿಯಲ್ಲ, ಕವನ ಸಂಕಲನವಲ್ಲ. ಸರ್ಕಾರ ಪುಕ್ಕಟೆ ಕೊಟ್ಟ ಪಠ್ಯಪುಸ್ತಕ. ಎಷ್ಟೋ ಮನೆಗಳಲ್ಲಿ ಅದೇ ಕೊನೆಯ ಪುಸ್ತಕವೂ ಹೌದು. ಒಂದು ಸಮುದಾಯ ಅತಿ ಹೆಚ್ಚು ಓದಿದ ಪಠ್ಯವನ್ನು ಮುಟ್ಟದೆ ಉಳಿದುದನ್ನೆಲ್ಲ ಮುಟ್ಟುವ ವಿಮರ್ಶೆ ಎಂಥದು? ಸಾಹಿತ್ಯ ಅಂದರೆ ಯಾವುದು, ಯಾವುದು ಬರೀ ‘ಪಾಠ’ ಅನ್ನುವ ಮೇಲು ಕೀಳು ನಮ್ಮ ತಲೆಯಲ್ಲೂ ಕೂತಿದೆ ಅಂತಲೇ ನನ್ನ ಅನುಮಾನ.

ಈಗ ಚರಿತ್ರೆಗೆ ಬರೋಣ. ಜೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು 1848ರಲ್ಲಿ. ಫುಲೆಯವರ ಶಾಲೆಯಲ್ಲಿ ಓದಿದ ಮುಕ್ತಾ ಸಾಳ್ವೆ ಎಂಬ ಮಾಂಗ್ ಸಮುದಾಯದ ಹುಡುಗಿ 1855ರಲ್ಲಿ ಒಂದು ನಿಬಂಧ ಬರೆದಳು. ಆಗ ಅವಳಿಗೆ 14 ವರ್ಷ. ಇವತ್ತಿನ ಲೆಕ್ಕದಲ್ಲಿ ಒಂಬತ್ತನೇ ಕ್ಲಾಸು. ಮಾಂಗ್ ಮಹಾರರ ದುಃಖವನ್ನು ಕುರಿತ ಆ ನಿಬಂಧವನ್ನು ಮಿಷನರಿಗಳ ‘ಜ್ಞಾನೋದಯ’ ಎಂಬ ಮರಾಠಿ ಪತ್ರಿಕೆ ಎರಡು ಕಂತುಗಳಲ್ಲಿ ಅಚ್ಚು ಹಾಕಿತು. ಅದರಲ್ಲಿ ಪೇಶ್ವೆಗಳ ಕಾಲದ ಹಿಂಸೆಯ ವಿವರಗಳಿವೆ. ಬಯಲಿನಲ್ಲಿ ಹೆರುವ ಹೆಂಗಸರ ಪಾಡಿದೆ. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅವಳ ತರ್ಕ. ವೇದಗಳು ತಮ್ಮವು, ಬೇರೆಯವರು ನೋಡಲೂ ಕೂಡದು ಅಂತ ಬ್ರಾಹ್ಮಣರು ಹೇಳುತ್ತಾರೆ. ಹಾಗಾದರೆ ನಮಗೆ ಧರ್ಮಗ್ರಂಥವೇ ಇಲ್ಲ ಅಂತಾಯಿತು. ಗ್ರಂಥ ಇಲ್ಲದವರ ಧರ್ಮ ಯಾವುದು? ಹೀಗೆ ಸಾಗುತ್ತೆ ಅದು.

ಅವಳು ಮಾಡಿದ್ದು ಏನು ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು. ಅವಳು ಆ ಗ್ರಂಥ ಓದಿಲ್ಲ, ಓದಲು ಬಿಟ್ಟಿಲ್ಲ. ಆದರೂ ಅದರ ಬಗ್ಗೆ ವಿಮರ್ಶೆ ಬರೆಯುತ್ತಾಳೆ. ಗ್ರಂಥದ ಒಳಗೆ ಏನಿದೆ ಅನ್ನುವುದು ಅವಳ ಪ್ರಶ್ನೆಯಲ್ಲ. ಅದು ಯಾರ ಕೈಯಲ್ಲಿದೆ, ಯಾರನ್ನು ಹೊರಗಿಟ್ಟಿದೆ, ಹೊರಗಿಟ್ಟ ಮೇಲೆ ನಮ್ಮ ಮೇಲೆ ಅದಕ್ಕೇನು ಹಕ್ಕು ಅನ್ನುವುದು ಪ್ರಶ್ನೆ. ಯಜಮಾನರ ಮಾತನ್ನೇ ಹಿಡಿದು ಅದರ ತುದಿಯವರೆಗೂ ಎಳೆಯುತ್ತಾಳೆ. ನೀವು ಹೇಳಿದ್ದು ನಿಜವಾದರೆ ಮುಂದೇನಾಗಬೇಕು ಅನ್ನುವ ಓದು ಇದು. ಶಿಕ್ಷಣ ಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿರಬಹುದು. ನನಗಂತೂ ಈ ದೇಶದ ದಲಿತ ವಿಮರ್ಶೆಯ ಮೊದಲ ಪುಟ ಶಾಲೆಯ ಹುಡುಗಿಯೊಬ್ಬಳ ನಿಬಂಧದ ನೋಟ್‌ಬುಕ್ಕಿನಲ್ಲಿದೆ.

ಮುಕ್ತಾಳ ನಿಬಂಧ ಅಚ್ಚಾದ ಮರುವರ್ಷವೇ, 1856ರ ಜೂನ್‌ನಲ್ಲಿ, ನಮ್ಮ ಧಾರವಾಡದಲ್ಲಿ ಇನ್ನೊಂದು ನಡೆಯಿತು. ಧಾರವಾಡ ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ಮಹಾರ್ ಹುಡುಗನೊಬ್ಬ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನಾಗದೆ ಮುಂಬಯಿ ಸರ್ಕಾರದವರೆಗೆ ಹೋದ. ಸರ್ಕಾರ ಕೊಟ್ಟ ಉತ್ತರದ ಸಾರ ಇಷ್ಟು: ನ್ಯಾಯ ಅರ್ಜಿದಾರನ ಕಡೆಗೇ ಇದೆ, ಆದರೆ ಒಬ್ಬಿಬ್ಬರಿಗಾಗಿ ಶತಮಾನಗಳ ಪೂರ್ವಗ್ರಹದಲ್ಲಿ ಏಕಾಏಕಿ ಕೈ ಹಾಕಿದರೆ ಶಿಕ್ಷಣಕ್ಕೇ ಹಾನಿ. ಯಾರ ಶಿಕ್ಷಣಕ್ಕೆ? ಆ ಪ್ರಶ್ನೆಯನ್ನು ಸರ್ಕಾರ ಕೇಳಿಕೊಳ್ಳಲಿಲ್ಲ. ಆಮೇಲೆ 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿವೆ ಅಂತ ಸ್ಪಷ್ಟಪಡಿಸಿದರು. ಕಾಗದದ ಮೇಲೆ ಬಾಗಿಲು ತೆರೆಯಿತು.

ನಾನು ಓದಿದ ಕಡೆಯೆಲ್ಲ ಅವನು ಬರೀ ‘ಮಹಾರ್ ಹುಡುಗ’. ಹೆಸರಿಲ್ಲ. ಆದರೆ ಅವನ ಒಂದು ಅರ್ಜಿಯಿಂದ ಒಂದು ಸರ್ಕಾರ ತನ್ನ ನೀತಿಯನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂತು. 72 ವರ್ಷ ಆದಮೇಲೆ, 1928ರಲ್ಲಿ, ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಶಿಕ್ಷಣದ ಸ್ಥಿತಿಗತಿ ಕುರಿತ ಹೇಳಿಕೆ ಸಲ್ಲಿಸುವಾಗ ಅಂಬೇಡ್ಕರ್ ಈ ಧಾರವಾಡದ ಪ್ರಕರಣವನ್ನು ಎತ್ತಿ ತೋರಿಸುತ್ತಾರೆ. ಸರ್ಕಾರದ ಕಾಗದವನ್ನೇ ತೆಗೆದುಕೊಂಡು ಅದರ ಮಾತನ್ನು ಅದರ ಎದುರಿಗೇ ಇಡುವ ಓದು ಅದು. ಮುಕ್ತಾ ಮಾಡಿದ್ದಕ್ಕೂ ಇದಕ್ಕೂ ಇರುವ ನೆಂಟಸ್ತನ ಬೇರೆ ಹೇಳಬೇಕಾಗಿಲ್ಲ. ನಡುವೆ 1882ರಲ್ಲಿ ಫುಲೆಯವರು ಹಂಟರ್ ಆಯೋಗಕ್ಕೆ ಕೊಟ್ಟ ಮನವಿಯೂ ಇದೆ. ರೈತ ಕಟ್ಟಿದ ಕಂದಾಯ ಮೇಲಿನವರ ಓದಿಗೆ ಹೋಗುತ್ತಿದೆ ಅನ್ನುವ ಅದರ ವಾದ ಎಲ್ಲರಿಗೂ ಗೊತ್ತು. ಆಗಿನ ದೇಶಭಾಷೆಯ ಶಾಲಾ ಪುಸ್ತಕಗಳು ಬದುಕಿಗೆ ಉಪಯೋಗಕ್ಕೆ ಬರುವಂತಿಲ್ಲ, ಅವನ್ನು ತಿದ್ದಿ ಹೊಸದಾಗಿ ರೂಪಿಸಬೇಕು ಅಂತಲೂ ಅದರಲ್ಲಿ ಅವರು ಕೇಳಿದ್ದರು. ಈ ಕಡೆಗೆ ನಮ್ಮ ಗಮನ ಅಷ್ಟಾಗಿ ಹೋಗಿಲ್ಲ.

ಕರ್ನಾಟಕದಲ್ಲಿ ಓದಿನ ಪಠ್ಯವನ್ನು ದಲಿತನೊಬ್ಬ ವಿಮರ್ಶೆ ಮಾಡಿದಾಗ ಏನಾಗುತ್ತೆ ಅನ್ನುವುದಕ್ಕೆ 1973ರ ಬೂಸಾ ಪ್ರಕರಣಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ. ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಆ ವರ್ಷದ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚಿದೆ ಅಂದರು. ಆ ಮಾತಿನ ಸರಿತಪ್ಪು ಏನೇ ಇರಲಿ, ಅದೊಂದು ಓದುಗನ ತೀರ್ಪು. ತೀರ್ಪಿಗೆ ಬಂದ ಉತ್ತರ ವಿಮರ್ಶೆಯ ರೂಪದಲ್ಲಿ ಬರಲಿಲ್ಲ, ಕಲ್ಲು ದೊಣ್ಣೆಗಳಲ್ಲಿ ಬಂತು. ಕಾಲೇಜು ಹುಡುಗರು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ದಲಿತ ಸಂಘರ್ಷ ಸಮಿತಿಯ ಹುಟ್ಟಿಗೆ ಆ ದಿನಗಳ ಪೆಟ್ಟೂ ಒಂದು ಕಾರಣ. ಇದನ್ನು ರಾಜಕೀಯ ಚರಿತ್ರೆಯಾಗಿ ಎಷ್ಟೋ ಸಲ ಬರೆದಿದ್ದಾರೆ. ಓದಿನ ಚರಿತ್ರೆಯಾಗಿಯೂ ಇದನ್ನು ಬರೆಯಬೇಕು. ಯಾಕಂದರೆ ಬೀದಿಗಿಳಿದ ಆ ಹುಡುಗರಿಗೂ ಸಾಹಿತ್ಯ ಅಂದರೆ ಪರೀಕ್ಷೆಗೆ ಇಟ್ಟ ಪುಸ್ತಕವೇ ಆಗಿತ್ತು. ಅವರ ಕ್ಲಾಸಿನಲ್ಲಿ ಯಾರೂ ಒಮ್ಮೆಯೂ, ಈ ಪಾಠದಲ್ಲಿ ಕಾಳೆಷ್ಟು ಹೊಟ್ಟೆಷ್ಟು ನೀವೇ ತೂರಿ ನೋಡಿ ಅಂದಿರಲಿಕ್ಕಿಲ್ಲ. ಪೂಜೆ ಮಾಡಿ ಅಂದಿದ್ದರು. ಪೂಜೆ ಮಾಡಿದವರು ಕಲ್ಲೆಸೆದರು.

ಇಷ್ಟು ಹೇಳಿದ ಮೇಲೆ ಕ್ಲಾಸಿನ ಒಳಗೆ ಹೋಗಬೇಕು. ಚರಿತ್ರೆ ಪಾಠಗಳ ಭಾಷೆಯನ್ನು ಗಮನಿಸಿ. ದಲಿತರಿಗೆ ಕೆರೆಯ ನೀರನ್ನು ನಿರಾಕರಿಸಲಾಗಿತ್ತು. ದೇವಾಲಯ ಪ್ರವೇಶವನ್ನು ನಿಷೇಧಿಸಲಾಗಿತ್ತು. ಅವರನ್ನು ಕೀಳಾಗಿ ಕಾಣಲಾಗುತ್ತಿತ್ತು. ಇಂಥ ವಾಕ್ಯಗಳಲ್ಲಿ ಎಲ್ಲವೂ ಇದೆ. ಕೆರೆ ಇದೆ, ನೀರಿದೆ, ದೇವಸ್ಥಾನ ಇದೆ, ದಲಿತರೂ ಇದ್ದಾರೆ. ನಿರಾಕರಿಸಿದವರು ಮಾತ್ರ ಇಲ್ಲ. ಮಳೆ ಬಂತು, ಬರ ಬಿತ್ತು ಅನ್ನುವ ಹಾಗೆ ಅಸ್ಪೃಶ್ಯತೆಯೂ ತಾನಾಗಿ ‘ಆಗುತ್ತಿತ್ತು’.

ನಮ್ಮ ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ಒಂದು ಪಾಠ ಉಂಟಲ್ಲ. ಮಕ್ಕಳು ರಾಮ ರಾವಣರ ವಾಕ್ಯ ಇಟ್ಟುಕೊಂಡು ಅದನ್ನು ತಿರುಗಿಸಿ ಮುರುಗಿಸಿ ಬರೆದು ಎರಡು ಮಾರ್ಕು ತೆಗೆಯುತ್ತಾರೆ. ನಾನು ಮಾಡಿದ್ದು ಇಷ್ಟೇ: ಆ ವ್ಯಾಕರಣವನ್ನು ಚರಿತ್ರೆಯ ಪಿರಿಯಡ್ಡಿಗೆ ತಂದೆ. ಈ ವಾಕ್ಯಗಳನ್ನು ಕರ್ತರಿಗೆ ತಿರುಗಿಸಿ ಅಂತ ಹೇಳಿದೆ. ಮಕ್ಕಳು ಪೆನ್ನು ಹಿಡಿದು ಕೂತರು, ಆಗಲಿಲ್ಲ. ವ್ಯಾಕರಣ ಬರದೆ ಅಲ್ಲ. ರಾವಣನ ವಾಕ್ಯದಲ್ಲಿ ಕೊಂದವನು ಯಾರು ಅಂತ ಇರುತ್ತೆ, ಇಲ್ಲಿ ಕರ್ತೃವೇ ಇಲ್ಲ. ಪುಸ್ತಕವೆಲ್ಲ ಹುಡುಕಿದರೂ ಸಿಗಲ್ಲ. ಆಗ ಒಬ್ಬ ಕೇಳಿದ: ‘ಸಾರ್, ಯಾರು ಅಂತ ಹಾಕ್ಲಿ?’

ಅದೇ ಪ್ರಶ್ನೆ. ಪಾಠದ ಕೊನೆಯಲ್ಲಿ ಅಚ್ಚಾಗಿಲ್ಲದ ಪ್ರಶ್ನೆ.

ಆಮೇಲೆ ನಡೆಯುವುದು ಸುಲಭವಲ್ಲ. ತರಬೇತಿಯ ಕೈಪಿಡಿಗಳು ಇದನ್ನು ಹೇಳುವುದಿಲ್ಲ. ಕೆಲವರು ‘ಸಮಾಜ’ ಅಂತ ಹಾಕುತ್ತಾರೆ. ಕೆಲವರು ‘ಹಿಂದಿನ ಕಾಲದವರು’ ಅಂತ. ಜಾಣ ಮಕ್ಕಳು ‘ಸಂಪ್ರದಾಯ’ ಅನ್ನುತ್ತಾರೆ. ಸಂಪ್ರದಾಯಕ್ಕೆ ಕೈ ಇದೆಯೇನಯ್ಯ, ಕೊಡ ಕಿತ್ತುಕೊಳ್ಳೋಕೆ, ಅಂತ ಕೇಳಿದರೆ ನಗುತ್ತಾರೆ. ನಗು ನಿಂತ ಮೇಲೆ ಕ್ಲಾಸು ಮೌನವಾಗುತ್ತೆ. ಯಾಕಂದರೆ ಕರ್ತೃವಿನ ಮೊಮ್ಮಗ ಮುಂದಿನ ಬೆಂಚಿನಲ್ಲಿ ಕೂತಿದ್ದಾನೆ. ಅದು ಅವನಿಗೂ ಗೊತ್ತು, ಹಿಂದಿನ ಬೆಂಚಿನವರಿಗೂ ಗೊತ್ತು. ಊರಿನ ಕೆರೆ ಯಾವುದು, ಯಾವ ಮೆಟ್ಟಿಲಲ್ಲಿ ಯಾರು ನಿಲ್ಲುತ್ತಿದ್ದರು ಅನ್ನುವುದನ್ನು ಆ ಮಕ್ಕಳಿಗೆ ಪುಸ್ತಕ ಹೇಳಿಕೊಡಬೇಕಿಲ್ಲ.

ಈ ಮೌನದ ಬಗ್ಗೆ ನಮ್ಮ ವಿಮರ್ಶೆ ಇನ್ನೂ ಬರೆದಿಲ್ಲ. ಅಂಬೇಡ್ಕರ್ ಪಾಠ ಶುರುವಾದ ತಕ್ಷಣ ಇಡೀ ಕ್ಲಾಸು ತಿರುಗಿ ಮೂರು ನಾಲ್ಕು ಮಕ್ಕಳ ಮುಖ ನೋಡುತ್ತೆ. ನಮ್ಮಲ್ಲಿ ಓದಿದವರಲ್ಲಿ ಅನೇಕರಿಗೆ ಇದು ಅನುಭವ. ಆ ಗಳಿಗೆಯಲ್ಲಿ ಆ ಮಗು ಪಠ್ಯದ ಓದುಗ ಆಗಿರುವುದಿಲ್ಲ, ತಾನೇ ಪಠ್ಯವಾಗಿಬಿಡುತ್ತೆ. ಬೇರೆಯವರು ಅದನ್ನು ಓದುತ್ತಾರೆ. ‘ನಿನ್ನ ಅನುಭವ ಹೇಳು’ ಅಂತ ಆ ಮಗುವನ್ನೇ ಎಬ್ಬಿಸಿ ನಿಲ್ಲಿಸುವ ಮೇಷ್ಟ್ರು ಒಳ್ಳೆಯ ಮನಸ್ಸಿನವನೇ ಇರಬಹುದು. ಆದರೆ ಅವನು ಮಾಡುತ್ತಿರುವುದು ಪ್ರದರ್ಶನ. ವಾಕ್ಯದ ಕರ್ತೃವನ್ನು ಹುಡುಕುವ ಅಭ್ಯಾಸದಲ್ಲಿ ನೋಟ ತಿರುಗುತ್ತೆ. ನೀರು ಸಿಗದವನ ಕಡೆಗೆ ನೋಡುತ್ತಿದ್ದ ಕ್ಲಾಸು ನೀರು ಕೊಡದವನ ಕಡೆಗೆ ನೋಡಬೇಕಾಗುತ್ತೆ. ಹಾಗಂತ ಮುಂದಿನ ಬೆಂಚಿನ ಹುಡುಗನನ್ನು ಕಟಕಟೆಯಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಒಮ್ಮೆ ಅಂಥ ಒಬ್ಬ ಹುಡುಗ ತನ್ನ ಊರಿನ ಹೆಸರನ್ನೇ ಕರ್ತೃವಾಗಿ ಹಾಕಿ ಬರೆದ: ಇಂಥ ಊರಿನವರು ಕೆರೆಯ ನೀರನ್ನು ಕೊಡಲಿಲ್ಲ. ಭೂತಕಾಲ ಸರಿಯೇ ಅಂತ ಪಕ್ಕದ ಹುಡುಗಿ ಕೇಳಿದಳು. ಮುಂದಿನ ಚರ್ಚೆ ಕಾಲದ ಬಗ್ಗೆ ನಡೆಯಿತು. ನಾನು ಕಲಿಸಿದ್ದಕ್ಕಿಂತ ಒಂದು ಹೆಜ್ಜೆ ಮುಂದಕ್ಕೆ.

ಕಾಲದ ವಿಷಯಕ್ಕೆ ಬಂದರೆ, ಸಂವಿಧಾನದ 17ನೇ ವಿಧಿ, 1955ರ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ, ಇವು ಮೂರೂ ಮಕ್ಕಳಿಗೆ ಬಾಯಿಗೆ ಬರುತ್ತವೆ. ಇವುಗಳ ಪಕ್ಕಕ್ಕೆ ಹಳೆಯ ಪತ್ರಿಕೆಗಳನ್ನು ಇಟ್ಟು ಓದಿಸಬಹುದು. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಸುಟ್ಟರು. 2006ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ 2014ರಲ್ಲಿ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳ ಪ್ರವೇಶದ ತಕರಾರಿನ ಹಿನ್ನೆಲೆಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಒಂದೇ ಕಾಯ್ದೆ, ಎರಡು ತೀರ್ಪು. ಯಾಕೆ? ಸಾಕ್ಷಿಗಳು ಯಾರು, ಅವರು ಯಾರ ಹೊಲದಲ್ಲಿ ಕೂಲಿ ಮಾಡುತ್ತಾರೆ, ಹತ್ತು ವರ್ಷ ಅದೇ ಊರಲ್ಲಿ ಇದ್ದುಕೊಂಡು ಸಾಕ್ಷಿ ಹೇಳುವುದು ಅಂದರೇನು? ಹತ್ತನೇ ಕ್ಲಾಸಿನ ಮಕ್ಕಳು ಈ ಪ್ರಶ್ನೆಗಳಿಗೆ ಬಂದು ಮುಟ್ಟುತ್ತಾರೆ. ಅವರು ಚಿಕ್ಕವರು ಅನ್ನುವುದು ನಮ್ಮ ಅನುಕೂಲಕ್ಕೆ ಕಟ್ಟಿಕೊಂಡ ಮಾತು.

‘ಚಿಕ್ಕ ಮಕ್ಕಳ ಎಳೆಯ ಮನಸ್ಸು’ ಅನ್ನುವ ಇದೇ ಮಾತು 2012ರ ಮೇ ತಿಂಗಳಲ್ಲಿ ಪಾರ್ಲಿಮೆಂಟಿನಲ್ಲಿ ಪಕ್ಷಭೇದವಿಲ್ಲದೆ ಕೇಳಿಬಂತು. ಕೇಂದ್ರ ಪಠ್ಯಕ್ರಮದ 11ನೇ ತರಗತಿಯ ರಾಜ್ಯಶಾಸ್ತ್ರದ ಪುಸ್ತಕದಲ್ಲಿ 1949ರ ಶಂಕರ್ ವ್ಯಂಗ್ಯಚಿತ್ರ ಇತ್ತು. ಸಂವಿಧಾನ ಅನ್ನುವ ಬಸವನಹುಳುವಿನ ಮೇಲೆ ಅಂಬೇಡ್ಕರ್ ಕೂತಿದ್ದಾರೆ, ಹಿಂದೆ ಚಾಟಿ ಹಿಡಿದ ನೆಹರೂ, ಸುತ್ತ ನೋಡುವ ಜನ. ತಮಿಳುನಾಡಿನ ಸಂಸದ ತೊಲ್ ತಿರುಮಾವಳವನ್ ಮೊದಲಾದವರು ವಿರೋಧಿಸಿದರು. ಸರ್ಕಾರ ಚಿತ್ರವನ್ನು ಹಿಂತೆಗೆದುಕೊಳ್ಳುವುದಾಗಿ ಹೇಳಿತು. ಪುಸ್ತಕದ ಮುಖ್ಯ ಸಲಹೆಗಾರರಾಗಿದ್ದ ಯೋಗೇಂದ್ರ ಯಾದವ್, ಸುಹಾಸ್ ಪಳಶೀಕರ್ ರಾಜೀನಾಮೆ ಕೊಟ್ಟರು. ಪುಣೆಯಲ್ಲಿ ಪಳಶೀಕರ್ ಅವರ ಕಚೇರಿಗೆ ನುಗ್ಗಿ ಧ್ವಂಸ ಮಾಡಿದರು. ಅದನ್ನು ಯಾವ ನೆಪದಲ್ಲೂ ಒಪ್ಪಲಾಗದು. ಸುಖದೇವ್ ಥೋರಟ್ ಅಧ್ಯಕ್ಷತೆಯ ಸಮಿತಿ ಅನೇಕ ಚಿತ್ರಗಳನ್ನು ತೆಗೆಯಲು ಶಿಫಾರಸು ಮಾಡಿತು. ಎಂ.ಎಸ್.ಎಸ್. ಪಾಂಡಿಯನ್ ಅದರಲ್ಲಿ ಭಿನ್ನಮತ ಬರೆದರು.

ಆಗ ಎರಡು ಗುಂಪಾಯಿತು. ಒಂದು ಗುಂಪು, ವ್ಯಂಗ್ಯಚಿತ್ರ ಮಕ್ಕಳನ್ನು ಯೋಚಿಸಲು ಹಚ್ಚುತ್ತೆ, ಅದೇ ವಿಮರ್ಶಾತ್ಮಕ ಚಿಂತನೆ ಅಂದಿತು. ಇನ್ನೊಂದು, ಅವಮಾನ ಅಂದಿತು. ನನಗೆ ಬೇಸರ ತಂದದ್ದು ಬೇರೆ. ಆ ಚಿತ್ರದ ಕೆಳಗೆ ಪುಸ್ತಕದವರು ಮಕ್ಕಳಿಗೆ ಪ್ರಶ್ನೆ ಕೊಟ್ಟಿದ್ದರು. ಸಂವಿಧಾನ ರಚನೆಗೆ ಸುಮಾರು ಮೂರು ವರ್ಷ ಹಿಡಿಯಿತಲ್ಲ, ವ್ಯಂಗ್ಯಚಿತ್ರಕಾರ ಅದನ್ನು ಹೇಳುತ್ತಿದ್ದಾನೆಯೇ, ಅಷ್ಟು ತಡ ಯಾಕಾಯಿತು ಅಂತ ಆ ಪ್ರಶ್ನೆಗಳ ಧಾಟಿ. ಎಲ್ಲ ಪ್ರಶ್ನೆಯೂ ಹುಳುವಿನ ಬಗ್ಗೆ. ಚಾಟಿಯ ಬಗ್ಗೆ ಒಂದೂ ಇಲ್ಲ. ಚಾಟಿ ಯಾರ ಕೈಯಲ್ಲಿದೆ? ಏಟು ಹುಳುವಿಗೋ ಸವಾರನಿಗೋ? ಸುತ್ತ ನಿಂತವರು ಏನು ನೋಡುತ್ತಿದ್ದಾರೆ? ಇದೇ ಚಿತ್ರ ಬೇರೆ ಬೇರೆ ಬೆಂಚುಗಳಿಂದ ಒಂದೇ ಥರ ಕಾಣುತ್ತದೆಯೇ? ಪುಸ್ತಕ ಬರೆದವರು ಪ್ರಾಮಾಣಿಕರು, ಓದಿನ ಬಗ್ಗೆ ಕಾಳಜಿ ಇದ್ದವರು. ಆದರೂ ಆ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ. ಅವರ ಮನಸ್ಸಿನಲ್ಲಿದ್ದ ‘ವಿದ್ಯಾರ್ಥಿ’ಗೆ ಜಾತಿ ಇರಲಿಲ್ಲ. ಪಾರ್ಲಿಮೆಂಟಿನ ‘ಎಳೆಯ ಮನಸ್ಸಿ’ಗೂ ಇರಲಿಲ್ಲ. ದಲಿತ ಓದುಗ ಆ ಚಿತ್ರದಲ್ಲಿ ಮೊದಲು ಕಂಡದ್ದೇ ಚಾಟಿಯನ್ನು. ಅವನ ಆಕ್ಷೇಪಣೆಯೇ ಆ ಪುಟಕ್ಕೆ ಬಂದ ನಿಜವಾದ ವಿಮರ್ಶೆ. ಅದನ್ನು ಓದು ಅಂತ ಗುರುತಿಸದೆ ‘ಭಾವನೆಗೆ ಧಕ್ಕೆ’ ಅಂತ ಹಣೆಪಟ್ಟಿ ಹಚ್ಚಿದ್ದು ಎರಡೂ ಕಡೆಯವರ ತಪ್ಪು.

ಆ ಪುಟವನ್ನು ನಾನಾದರೆ ಹರಿಯುತ್ತಿರಲಿಲ್ಲ. ಅದರ ಪಕ್ಕಕ್ಕೆ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಮಾಡಿದ ಭಾಷಣವನ್ನು ಇಡುತ್ತಿದ್ದೆ. ತಡವಾಯಿತು ಅನ್ನುವ ಟೀಕೆಗೆ ಅವರೇ ಅಲ್ಲಿ ಲೆಕ್ಕ ಕೊಡುತ್ತಾರೆ. ನಮ್ಮದಕ್ಕೆ ಹಿಡಿದದ್ದು 2 ವರ್ಷ 11 ತಿಂಗಳು 17 ದಿನ. ಅಮೆರಿಕಕ್ಕೆ 4 ತಿಂಗಳು, ಆದರೆ ಅಲ್ಲಿದ್ದದ್ದು 7 ವಿಧಿ. ಕೆನಡಾಕ್ಕೆ 2 ವರ್ಷ 5 ತಿಂಗಳು, 147 ವಿಧಿ. ಆಸ್ಟ್ರೇಲಿಯಾಕ್ಕೆ 9 ವರ್ಷ, 128 ವಿಧಿ. ನಮ್ಮದು 395 ವಿಧಿ, ಚರ್ಚೆಗೆ ಬಂದ ತಿದ್ದುಪಡಿಗಳೇ 2,473. ಇಷ್ಟನ್ನು ಕಪ್ಪು ಹಲಗೆಯ ಮೇಲೆ ಬರೆದು ಮಕ್ಕಳ ಕೈಲಿ ಭಾಗಾಕಾರ ಮಾಡಿಸಿದರೆ ಸಾಕು. ಹುಳು ಯಾವುದು, ಕುದುರೆ ಯಾವುದು ಅಂತ ಅವರೇ ಹೇಳುತ್ತಾರೆ. ಶಂಕರ್ ದೊಡ್ಡ ಕಲಾವಿದ ಅನ್ನುವುದೂ, ದೊಡ್ಡ ಕಲಾವಿದನೂ ಒಂದು ಕಡೆ ನಿಂತು ನೋಡುತ್ತಾನೆ ಅನ್ನುವುದೂ ಒಟ್ಟಿಗೇ ತಿಳಿಯುತ್ತೆ.

ನಮ್ಮ ರಾಜ್ಯದ 2022ರ ಪಠ್ಯ ಪರಿಷ್ಕರಣೆಯ ಗಲಾಟೆ ಇನ್ನೂ ಹಸಿಯಾಗಿದೆ. ಒಂಬತ್ತನೇ ತರಗತಿಯ ಪಾಠದಲ್ಲಿ ಅಂಬೇಡ್ಕರ್ ಹೆಸರಿನ ಹಿಂದಿನ ‘ಸಂವಿಧಾನ ಶಿಲ್ಪಿ’ ಬಿಟ್ಟುಹೋಯಿತು, ಪ್ರತಿಭಟನೆಯಾದ ಮೇಲೆ ಸೇರಿಸುವುದಾಗಿ ಸರ್ಕಾರ ಹೇಳಿತು. ದೇವನೂರ ಮಹಾದೇವ ಹತ್ತನೇ ತರಗತಿಯಲ್ಲಿದ್ದ ತಮ್ಮ ‘ಎದೆಗೆ ಬಿದ್ದ ಅಕ್ಷರ’ದ ಅನುಮತಿಯನ್ನು ಹಿಂಪಡೆದರು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಹೆಡಗೇವಾರ್, ಸಾವರ್ಕರ್ ಪಾಠಗಳನ್ನು ತೆಗೆದು ಸಾವಿತ್ರಿಬಾಯಿ ಫುಲೆಯವರ ಪಾಠ ಮತ್ತಿತರವನ್ನು ಸೇರಿಸಲು ತೀರ್ಮಾನಿಸಿತು. ನಾನು ಯಾವ ಕಡೆ ಅನ್ನುವುದರಲ್ಲಿ ಅನುಮಾನ ಬೇಡ. ಅಂಬೇಡ್ಕರ್ ಹೆಸರಿನಿಂದ ಒಂದು ಪದ ಕಳಚುವವರಿಗೆ ತಾವು ಏನು ಕಳಚುತ್ತಿದ್ದೇವೆ ಅಂತ ಚೆನ್ನಾಗಿ ಗೊತ್ತಿರುತ್ತೆ. ಆದರೆ ಒಂದು ಮಾತು ಗೆಳೆಯರಲ್ಲಿ ಹೇಳಬೇಕು. ನಾವು ಬೀದಿಯಲ್ಲಿ ಕಿತ್ತಾಡಿದ್ದೆಲ್ಲ ಪುಸ್ತಕದಲ್ಲಿ ಏನಿರಬೇಕು ಅನ್ನುವುದಕ್ಕೆ. ಇರುವುದನ್ನು ಮಗು ಹೇಗೆ ಓದುತ್ತೆ ಅನ್ನುವುದಕ್ಕೆ ನಾವು ಒಂದು ಕರಪತ್ರವನ್ನೂ ಹಂಚಲಿಲ್ಲ. ಸಾವಿತ್ರಿಬಾಯಿ ಪಾಠ ಬಂತು ಅಂದುಕೊಳ್ಳಿ. ಅದರ ಕೊನೆಗೂ ಬಿಟ್ಟ ಸ್ಥಳ ತುಂಬಿರಿ ಇರುತ್ತೆ. ‘ಸಾವಿತ್ರಿಬಾಯಿ ಹುಟ್ಟಿದ ವರ್ಷ ______.’ ಮಗು 1831 ಅಂತ ತುಂಬುತ್ತೆ. ಸೆಗಣಿ ಎರಚಿದವರು ಯಾರು ಅನ್ನುವುದು ಮತ್ತೆ ಆ ಕರ್ಮಣಿ ಪ್ರಯೋಗದೊಳಗೆ ಹೂತುಹೋಗುತ್ತೆ. ನಮ್ಮವರ ಪಾಠವನ್ನೂ ಅವರ ಪಾಠದ ಹಾಗೇ ಓದಿಸಿದರೆ ಗೆದ್ದದ್ದೇನು?

ಬಾಯಿಪಾಠದ ಬಗ್ಗೆಯೂ ಹೇಳಿಬಿಡುತ್ತೇನೆ. ಶಿಕ್ಷಣ ತಜ್ಞರಿಗೆ ಬಾಯಿಪಾಠ ಕಂಡರಾಗದು. ಮೂರು ಸಾವಿರ ವರ್ಷ ಬಾಯಿಪಾಠದಲ್ಲೇ ವೇದ ಉಳಿಸಿಕೊಂಡು, ಅದರ ಬಲದಲ್ಲೇ ಇಡೀ ನಾಡಿನ ವಿದ್ಯೆಯ ಯಜಮಾನಿಕೆ ಹಿಡಿದವರ ಮಕ್ಕಳು ಈಗ ನಮ್ಮ ಮಕ್ಕಳಿಗೆ, ಬಾಯಿಪಾಠ ಮಾಡಬೇಡಿ, ಯೋಚಿಸಿ ಅನ್ನುತ್ತಾರೆ. ತಮಾಷೆ ಅಲ್ಲವೇ. ಹಾಸ್ಟೆಲಿನ ಹುಡುಗಿ ಬೆಳಗಿನ ಜಾವ ಎದ್ದು ಗೈಡು ಹಿಡಿದು ಉರು ಹೊಡೆಯುವುದು ದಡ್ಡತನದಿಂದಲ್ಲ. ಎಸ್ಸೆಸ್ಸೆಲ್ಸಿ ದಾಟದಿದ್ದರೆ ಮುಂದೇನು ಅನ್ನುವುದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಮನೆಯಲ್ಲಿ ಕೇಳಿ ತಿಳಿಯುವುದಕ್ಕೆ ಓದಿದವರಿಲ್ಲ, ಟ್ಯೂಷನ್ನಿಗೆ ದುಡ್ಡಿಲ್ಲ. ಪಠ್ಯವನ್ನು ಪೂರ್ತಿ ತನ್ನದು ಮಾಡಿಕೊಳ್ಳಲು ಅವಳಿಗಿರುವ ದಾರಿ ಅದೊಂದೇ. ತನ್ನದಾಗದೆ ಇದ್ದುದನ್ನು ಪ್ರಶ್ನಿಸುವುದಾದರೂ ಹೇಗೆ? ಮುಕ್ತಾಗೂ ಅಕ್ಷರ ಬಂದ ಮೇಲೆ ತಾನೆ ನಿಬಂಧ ಬಂದದ್ದು. ಹಾಗಾಗಿ ನಾನು ಉರು ಹೊಡೆಯಬೇಡಿ ಅಂತ ಯಾವತ್ತೂ ಹೇಳುವುದಿಲ್ಲ. ಉರು ಹೊಡೆದ ವಾಕ್ಯದ ಕರ್ತೃ ಯಾರು ಅಂತ ಕೇಳುತ್ತೇನೆ, ಅಷ್ಟೇ.

ಪರೀಕ್ಷೆಯಲ್ಲಿ ಏನು ಬರೆಯಬೇಕು ಅನ್ನುವ ಪ್ರಶ್ನೆ ಆಗ ಬಂದೇ ಬರುತ್ತೆ. ನಮ್ಮ ಕ್ಲಾಸಿನಲ್ಲಿ ಎರಡು ನೋಟ್‌ಬುಕ್ ಇವೆ. ಒಂದರಲ್ಲಿ ಪುಸ್ತಕದ ಪ್ರಶ್ನೆ, ಪುಸ್ತಕದ ಉತ್ತರ. ಇನ್ನೊಂದರಲ್ಲಿ ಮಕ್ಕಳೇ ಬರೆದ ಪ್ರಶ್ನೆಗಳು. ಪ್ರತಿ ಪಾಠಕ್ಕೆ ಮೂರಾದರೂ ಪ್ರಶ್ನೆ ಬರೆಯಬೇಕು, ಅವುಗಳ ಉತ್ತರ ಪಾಠದಲ್ಲಿ ಇರಕೂಡದು ಅನ್ನುವುದೊಂದೇ ನಿಯಮ. ಈ ಎರಡನೆಯದಕ್ಕೆ ಮಾರ್ಕಿಲ್ಲ. ಮಾರ್ಕಿಲ್ಲದ್ದನ್ನು ಬಡ ಮಕ್ಕಳ ಕೈಲಿ ಎಷ್ಟು ದಿನ ಬರೆಸಬಹುದು? ಮುಖ್ಯ ಪರೀಕ್ಷೆ ಮುಗಿದ ಮೇಲೆ ಮಂಡಳಿ ಈಗ ಮಾದರಿ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆ ಕೇಳುತ್ತೆ. ಯಾರು ಬೇಕಾದರೂ ನೋಡಬಹುದು. ಸಮಾಜ ವಿಜ್ಞಾನದ ಮಾದರಿ ಉತ್ತರದಲ್ಲಿ ‘ನಿರಾಕರಿಸಲಾಗಿತ್ತು’ ಅಂತ ಇರುವ ಕಡೆ, ಮಗು ‘ಮೇಲ್ಜಾತಿಯವರು ನಿರಾಕರಿಸಿದರು’ ಅಂತ ಬರೆದರೆ ಪೂರ್ತಿ ಮಾರ್ಕು ಕೊಡಬೇಕು ಅಂತ ಒಂದು ಆಕ್ಷೇಪಣೆ ಹಾಕುವುದಕ್ಕೆ ಒಂದು ಹಾಳೆ ಸಾಕು. ಸಂಘಟನೆಯ ಗೆಳೆಯರು ಮುಂದಿನ ಸಲ ಪರೀಕ್ಷೆಯ ಹೊತ್ತಿಗೆ ಆ ಹಾಳೆ ಸಿದ್ಧ ಮಾಡಿಟ್ಟುಕೊಂಡಿರಬೇಕು. ಮೌಲ್ಯಮಾಪನದ ಕೇಂದ್ರದಲ್ಲಿ ಇದೇ ಮಾತನ್ನು ಎದ್ದು ನಿಂತು ಹೇಳುವ ಕೆಲಸ ನಮ್ಮಂಥ ಮೇಷ್ಟ್ರುಗಳದು.